ಚತುರ್ದಶಿಯ ದಿನ ಬಂದ ಪೇಢೆ

ನಮ್ಮ ಅವ್ವನ ಹೊಲ ಪಾಳು ಭೂಮಿ ಎಂದು ನನಗೆ ಮೊದಲು ತಿಳಿಸಿದವರು ಮುಂಬೈಯಿಂದ ಬಂದ ಒಬ್ಬ ಶೇಠಜಿ. ಅಲ್ಲಿಯವರೆಗೆ ನನಗೆ ಅದು ಗೊತ್ತಿರಲಿಲ್ಲ. ಆ ಹೊಲದ ಬಿಳಿಜೋಳದ ರೊಟ್ಟಿ ತಿಂದೇ ನನ್ನ ಬಾಣಂತನಗಳು ದಾಟಿದ್ದವು. ಅದರ ಕಣಿಕೆ ತಿಂದೇ ನಮ್ಮ ಎಮ್ಮೆ ಹಾಲು ಕೊಡುತ್ತಿತ್ತು. ಜೋಳದ ನಡುವೆ ಅಕ್ಕಡಿ ಸಾಲಿಗೆ ಹಾಕಿದ ಕುಸುಬಿಯ ಎಣ್ಣೆಯಲ್ಲೇ ನಮ್ಮ ಮನೆಯ ಒಗ್ಗರಣೆ ಆಗುತ್ತಿತ್ತು. ಇಷ್ಟೆಲ್ಲ ಕೊಟ್ಟ ಭೂಮಿಯನ್ನು ಒಬ್ಬರು ನಕಾಶೆಯಲ್ಲಿ ಹಳದಿ ಬಣ್ಣ ಬಳಿದು "ಇದು ಪಾಳು" ಎಂದರೆ, ಕೇಳಿದವಳು ಏನೆಂದುಕೊಳ್ಳಬೇಕು?

ನನ್ನ ತವರು ಜುಗೂಳ. ಕೃಷ್ಣೆಯ ದಂಡೆಯ ಮೇಲೆ ಹುಟ್ಟಿ, ನೀರಿಗೆ ಎಂದೂ ಮುಖ ಸಣ್ಣದು ಮಾಡಿಕೊಳ್ಳದೆ ಬೆಳೆದವಳು ನಾನು. ಕೊಟ್ಟ ಊರು ಅಥಣಿಯ ಆಚೆ, ಅನಂತಪುರದ ಕಡೆಗೆ, ಮೋಡ ನೋಡಿ ಬಿತ್ತುವ ಸೀಮೆ. ಆದರೆ ಈ ಊರು ನನಗೆ ಹೊಸದಲ್ಲ. ನಮ್ಮ ಅವ್ವ ಹುಟ್ಟಿದ್ದು ಇಲ್ಲೇ. ಅವಳನ್ನು ಜುಗೂಳಕ್ಕೆ ಕೊಟ್ಟಾಗ ನಮ್ಮ ಅಜ್ಜ ಅರಿಷಿಣ-ಕುಂಕುಮಕ್ಕೆಂದು ಮಗಳ ಹೆಸರಿಗೆ ಒಂದು ಹೊಲ ಮಾಡಿಕೊಟ್ಟಿದ್ದ. ಮುಂದೆ ನನ್ನನ್ನು ಅವಳ ತವರೂರಿಗೇ ಕೊಟ್ಟಾಗ ಅವ್ವ ಆ ಹೊಲವನ್ನು ನನ್ನ ಉಡಿಗೆ ಹಾಕಿದಳು. ದುಡಿಯುವವರು ನಮ್ಮ ಯಜಮಾನರು, ಹೊಲ ನನ್ನದು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಪ್ರಸಂಗವೂ ಬಂದಿರಲಿಲ್ಲ.

ನಾವು ಜೈನರು. ನಮ್ಮ ಜಿನೇಶ್ವರ ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಅವನ ಮುಂದೆ ನಿಂತು ಅದು ಕೊಡು ಇದು ಕೊಡು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಸಂಜೆ ಸಾಮಾಯಿಕದ ಧ್ಯಾನಕ್ಕೆ ಕೂತಾಗ ಆ ದಿನ ಏನೇನು ಒಳ್ಳೆಯದಾಯಿತು ಎಂದು ಮನಸ್ಸಿನಲ್ಲೇ ಎಣಿಸಿಕೊಳ್ಳುವುದು ನನ್ನ ರೂಢಿ. ಕರೆಂಟು ಹೊತ್ತಿಗೆ ಬಂತು. ಎಮ್ಮೆ ಒದೆಯಲಿಲ್ಲ. ಅತ್ತೆಯ ಮೊಣಕಾಲು ನೋಯಲಿಲ್ಲ. ಸೂರ್ಯ ಮುಳುಗುವ ಮುಂಚೆ ಎಲ್ಲರ ಊಟ ಮುಗಿಯಿತು. ಇಷ್ಟಿದ್ದರೆ ನನಗೆ ಆ ದಿನ ಹಬ್ಬ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಟೀವಿ ಹಚ್ಚಿದರೆ ಎಣ್ಣೆಯದೇ ಮಾತು. ದೇಶ ಪರದೇಶದ ಎಣ್ಣೆಗೆ ಕೈಯೊಡ್ಡಿದೆ, ಇನ್ನು ಮುಂದೆ ಡಿಸೇಲನ್ನು ನಮ್ಮ ಹೊಲದಲ್ಲೇ ಬೆಳೆಯಬೇಕು, ಅದೇ ಇನ್ನು ದೇಶದ ನೀತಿ ಎಂದು ಕೋಟು ಹಾಕಿದವರು ಹೇಳುತ್ತಿದ್ದರು. ಯಾವ ಬೆಳೆ ಎಂದು ಕಿವಿಗೊಟ್ಟು ಕೇಳಿದರೆ ಜಟ್ರೋಫಾ. ಹೆಸರು ಕೇಳಿ ಯಾವುದೋ ವಿಲಾಯತಿ ಗಿಡ ಎಂದುಕೊಂಡಿದ್ದೆ. ಚಿತ್ರ ತೋರಿಸಿದಾಗ ನಕ್ಕುಬಿಟ್ಟೆ. ನಾವು ಬೇಲಿಗೆ ಹಚ್ಚುವ ಕಾಡು ಔಡಲ! ಮರಾಠಿ ಮಂದಿ ಮೊಗಲಿ ಎರಂಡ ಎನ್ನುತ್ತಾರೆ. ಮುರಿದರೆ ಹಾಲು ಸುರಿಯುವ ಗಿಡ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನೇ ಅದು ಸುಳ್ಳು ಮಾಡಿದೆ. ಆಡು ಅದರ ಹತ್ತಿರ ಹೋಗಿ, ಮೂಸಿ, ನಮಗೇ ಬೈದಂತೆ ಮುಖ ತಿರುಗಿಸಿ ಬರುತ್ತದೆ.

ಈ ಮಾತನ್ನು ನಮ್ಮ ಪಡಸಾಲೆಗೆ ತಂದವರು ನಮ್ಮ ಯಜಮಾನರ ದೋಸ್ತರು. ಅಥಣಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ನಾವು ಅವರನ್ನು ಅಂಗಡಿ ಅಣ್ಣಾ ಎಂದೇ ಕರೆಯುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ. ಆದರೆ ದೊಡ್ಡವರ ಕಾರಿನ ಬಾಗಿಲು ತೆಗೆಯಲು ಸಿಕ್ಕರೆ ಊಟ ಮರೆಯುವ ಪೈಕಿ. ಮುಂಬೈಯ ಶೇಠಜಿ ನಮ್ಮ ಸೀಮೆಯನ್ನು ಆರಿಸಿಕೊಂಡಿದ್ದಾರೆ, ಊರ ಮೂಡಣ ದಿಕ್ಕಿನ ಹೊಲಗಳೆಲ್ಲ ಒಂದೇ ತುಂಡಾಗಿ ಬೇಕು, ಸಸಿ ಅವರೇ ಕೊಡುತ್ತಾರೆ, ಬೀಜ ಅವರೇ ಒಯ್ಯುತ್ತಾರೆ, ಕರಾರು ನಮ್ಮ ಮಕ್ಕಳ ಕಾಲದವರೆಗೆ ಎಂದರು. ನನ್ನ ಹೊಲ ಆ ತುಂಡಿನ ನಟ್ಟನಡುವೆ ಇತ್ತು. ಗಾಡಿ ದಾರಿಯೂ ಅದರ ಬದುವಿನ ಗುಂಟ. ನನ್ನದು ಇಲ್ಲದಿದ್ದರೆ ತುಂಡು ಎರಡಾಗುತ್ತಿತ್ತು.

ನಮ್ಮ ಯಜಮಾನರು ಹುಮ್ಮಸ್ಸಿನಲ್ಲಿದ್ದರು. ಅವರನ್ನೂ ತಪ್ಪೆನ್ನಲಾರೆ. ಮಳೆ ನಂಬಿ ದುಡಿದು ಸೊಂಟ ಬಗ್ಗಿದ್ದ ಮನುಷ್ಯ. ಒಂದು ಮಧ್ಯಾಹ್ನ ಅತ್ತೆ ಅಂಗಳದ ಬಿಸಿಲಿಗೆ ಕಾಲು ಚಾಚಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಇವರು ತಾಯಿಯ ಪಕ್ಕದಲ್ಲಿ ಕೂತು ವಿವರಿಸತೊಡಗಿದರು.

"ಶೇಠಜಿ ಸಣ್ಣ ಮನಶ್ಯಾ ಅಲ್ಲವ್ವಾ. ದಿಲ್ಲಿ ಕಮಿಟಿದಾಗ ಅದಾರ. ದೇಶದಾಗ ಎಷ್ಟ ಎಣ್ಣಿ ಬೆಳೀಬೇಕು, ಎಲ್ಲಿ ಬೆಳೀಬೇಕು ಅಂತ ಸರಕಾರಕ್ಕ ಬುದ್ಧಿ ಹೇಳಾವ್ರ ಅವರು."

"ಆತು. ಸಸಿ ಮಾರಾವ್ರ ಯಾರ?"

"ಅವರ ಕಂಪನಿ."

"ಬೀಜ ಕೊಳ್ಳಾವ್ರು?"

"ಅವರ."

"ಮತ್ತ ದರಾ ಕಟ್ಟಾವ್ರ ಯಾರಪಾ?"

ಇವರು ಮೀಸೆ ಒರೆಸಿಕೊಂಡರು. ಅತ್ತೆ ಮೊರ ಕೆಳಗಿಟ್ಟರು.

"ನಿಮ್ಮ ಅಪ್ಪಾ, ಕಾಕಾ ಬ್ಯಾರೆ ಆದಾಗ ಪಾಲು ಹಚ್ಚಿದಾವ್ರ ನಿಮ್ಮ ಅಪ್ಪಾ. ಹಚ್ಚಿದಾವ ಕಡೀಗೆ ತಗೋಬೇಕು. ಅದಕ್ಕ ಎರಡೂ ಪಾಲು ಕೂದಲಿನಷ್ಟೂ ಹೆಚ್ಚು ಕಡಿಮಿ ಆಗಲಿಲ್ಲ. ನಿನ್ನ ಶೇಠಜಿ ಪಾಲೂ ತಾನ ಹಚ್ಚತಾನ, ಮೊದಲ ತಾನ ಎತಗೋತಾನ. ಎಲ್ಲೀ ನ್ಯಾಯಾನೋ ಇದು?"

"ಅವ್ವಾ, ಇದು ಮನೀ ಪಾಲಲ್ಲ. ದೇಶದ ಮಾತು."

"ದೇಶ ಅಂದ್ರ ಮನಿ ಬಿಟ್ಟು ಎಲ್ಲಿ ಐತೋ?"

ಒಳಗೆ ನನ್ನ ಕೈಯಲ್ಲಿ ರೊಟ್ಟಿ ನಿಂತೇಹೋಯಿತು. ಅಂದಿನಿಂದ ಇಂದಿನವರೆಗೆ ಇಂಥ ಯೋಜನೆಗಳ ಬಗ್ಗೆ ಪೇಪರಿನಲ್ಲಿ ಎಷ್ಟೋ ಓದಿದ್ದೇನೆ. ನಮ್ಮ ಅತ್ತೆ ಹುರುಳಿ ಕೇರುತ್ತ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಯಾರೂ ಬರೆದದ್ದು ಕಂಡಿಲ್ಲ. ಶ್ರೀಮಂತರೆಂದರೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮಂದಿಯಲ್ಲೇ ವ್ಯಾಪಾರ ಮಾಡಿ ಗಳಿಸಿ, ಬಸದಿಗೆ ಕಲ್ಲು ಹಾಸಿದವರಿದ್ದಾರೆ, ಮಕ್ಕಳ ಓದಿಗೆ ವಸತಿಗೃಹ ಕಟ್ಟಿಸಿದವರಿದ್ದಾರೆ. ಆದರೆ ತಕ್ಕಡಿ ಹಿಡಿದವನೇ ಮಾಲಿನ ಧಣಿಯಾಗಿದ್ದು, ಮೇಲೆ "ಇದೆಲ್ಲ ನಿಮ್ಮ ಪುಣ್ಯಕ್ಕೆ" ಎಂದರೆ, ಸಂತೆಗೆ ಹೋಗುವ ಯಾವ ಹೆಂಗಸೂ ಒಮ್ಮೆ ಮುಳ್ಳಿನ ಕಡೆ ನೋಡಿಯೇ ನೋಡುತ್ತಾಳೆ.

ಶೇಠಜಿ ಊರಿಗೆ ಬಂದ ದಿನ ಚತುರ್ದಶಿ. ಅಷ್ಟಮಿ, ಚತುರ್ದಶಿಗೆ ಉಪವಾಸ ಮಾಡುವ ನಿಯಮವನ್ನು ನಾನು ಮುನಿ ಮಹಾರಾಜರ ಮುಂದೆ ತೆಗೆದುಕೊಂಡಿದ್ದೆ. ಬೆಳಗ್ಗೆ ಬಸದಿಗೆ ಹೋಗಿ, ಅಭಿಷೇಕ ನೋಡಿ, ಗಂಧೋದಕ ಕಣ್ಣಿಗೆ ಒತ್ತಿಕೊಂಡು ಬರುವಷ್ಟರಲ್ಲಿ ಶಾಲೆಯ ಮುಂದೆ ಮಂಟಪ ಎದ್ದಿತ್ತು. ಗಂಡಸರು ಮುಂದೆ, ಹೆಂಗಸರು ಬೇವಿನ ಗಿಡದ ನೆರಳಿಗೆ.

ಕಾರಿನಿಂದ ಇಳಿದ ಶೇಠಜಿಯನ್ನು ನೋಡಿದರೆ ಬೈಯಲು ಮನಸ್ಸು ಬಾರದು. ಸಣ್ಣ ಆಳು, ಬಿಳಿ ಬಟ್ಟೆ, ಮೆತ್ತನೆಯ ದನಿ. ಕೈ ಮುಗಿದು "ಜಯ ಜಿನೇಂದ್ರ" ಎಂದರು. ಅಂಗಡಿ ಅಣ್ಣಾ ಕಾರಿನಲ್ಲೇ ಕಲಿಸಿದ್ದಿರಬೇಕು. ನಮ್ಮ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವರು ಹಿಂದಿಯಲ್ಲಿ ಮಾತಾಡಿದರು, ಅಂಗಡಿ ಅಣ್ಣಾ ಕನ್ನಡದಲ್ಲಿ ಹೇಳಿದರು. ಪರದೇಶದ ಎಣ್ಣೆ ಬಂದಾದರೆ ದೇಶ ನಿಲ್ಲುತ್ತದೆ. ಸೈನಿಕ ಗಡಿಯಲ್ಲಿ ಕಾಯುತ್ತಾನೆ, ನೀವು ಹೊಲದಲ್ಲಿ ಕಾಯಬೇಕು. ನಾನು ದಿಲ್ಲಿಯಲ್ಲಿ ಹೇಳಿ ಬಂದಿದ್ದೇನೆ, ನನ್ನ ರೈತರು ನನ್ನ ಕೈ ಬಿಡುವುದಿಲ್ಲ ಎಂದು.

ನನ್ನ ಬಗಲಿಗೆ ಕೂತ ನೆರೆಮನೆಯ ಅಕ್ಕ ಕಿವಿಯಲ್ಲಿ, "ನಾವು ಯಾವಾಗ ಇವರ ರೈತರು ಆದಿವ್ಬೇ? ನನಗ ಯಾರೂ ಹೇಳಲೇ ಇಲ್ಲ," ಎಂದಳು.

"ಸುಮ್ನ ಕೂಡಕ್ಕಾ, ನಕಾಶಾ ತೋರಸಾಕತ್ತಾರ."

ನಕಾಶೆಯನ್ನು ಇಬ್ಬರು ಹಿಡಿದು ನಿಂತಿದ್ದರು. ನಮ್ಮ ಊರಿನ ಮೂಡಣ ಮಗ್ಗುಲು ಪೂರ್ತಿ ಹಳದಿ. ಹಳದಿ ಎಂದರೆ ಪಾಳು ಎಂದು ಅರ್ಥ ಹೇಳಿದರು. ಹಾಗೆ ಹೇಳುವಾಗ ಮಂಟಪದ ಆಚೆ, ಅದೇ ಮೂಡಣಕ್ಕೆ, ಜೋಳ ಹಾಲುಗಾಳು ಹಿಡಿದು ಎದೆಮಟ್ಟ ನಿಂತಿತ್ತು. ಗಾಳಿ ಬಂದರೆ ಅದರ ಸಪ್ಪಳ ಮೈಕಿನಲ್ಲೂ ಕೇಳುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಮನೆಗೆ ಬಂದವರು ಕಾಲು ಮುಟ್ಟಿದ ಮೇಲೆ ಅವರ ನಕಾಶೆ ತಪ್ಪೆನ್ನುವುದು ನಮ್ಮ ಕಡೆ ಕಷ್ಟ.

ಭಾಷಣ ಮುಗಿಯುವ ಮುಂಚೆಯೇ ಪೇಢೆ ಹಂಚಿದರು. ಪ್ರತಿ ಮನೆಗೂ ಒಂದೊಂದು ಸಣ್ಣ ಡಬ್ಬಿ, ಕೈಗೂ ಒಂದೊಂದು ಪೇಢೆ. ಎಲ್ಲರ ಬಾಯಿ ಆಡುತ್ತಿದ್ದಾಗ ಅಂಗಡಿ ಅಣ್ಣಾ ಮೈಕು ಹಿಡಿದು ಕೂಗಿದರು: "ಊರೆಲ್ಲಾ ಬಾಯಿ ಸಿಹಿ ಮಾಡ್ಕೊಂಡ್ರಿ! ಅಂದ್ರ ಮಾತು ಆತು!"

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಈ ಗಡಿ ಸೀಮೆಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳುವುದು ಸಣ್ಣ ಮಾತಲ್ಲ. ಹೆಣ್ಣು ಒಪ್ಪಿಗೆಯಾದರೆ ಸಾಕರಪುಡಾ ಮಾಡುತ್ತೇವೆ. ಸಕ್ಕರೆ ಪೊಟ್ಟಣ ಕೈ ಬದಲಾಗಿ, ಎರಡೂ ಕಡೆಯವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಮರುದಿನ ಬಂಗಾರದಂಥ ಇನ್ನೊಂದು ಸಂಬಂಧ ಬಂದರೂ ತಿರುಗಿ ನೋಡುವಂತಿಲ್ಲ. ಎತ್ತು ಕೊಂಡರೂ ಬೆಲ್ಲ, ಹೊಲ ಪಾಲಿಗೆ ಕೊಟ್ಟರೂ ಬೆಲ್ಲ. ಕಾಗದ ಆಮೇಲೆ. ತಿಂದು ಮಾತು ತಿರುಗಿಸಿದವನ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಅದಕ್ಕೇ ಅಂಗಡಿ ಅಣ್ಣಾ ಹಾಗೆ ಕೂಗಿದ ಕೂಡಲೇ ಗಂಡಸರ ಬಾಯಿ ಅರ್ಧಕ್ಕೆ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ನುಂಗುವುದೋ ಉಗುಳುವುದೋ ತಿಳಿಯದೆ, ಕಡೆಗೆ ಎಲ್ಲರೂ ನುಂಗಿದರು. ನನ್ನ ಪೇಢೆ ಸೆರಗಿನ ತುದಿಯಲ್ಲಿತ್ತು. ಉಪವಾಸ ನೋಡಿ.

ಮನೆಗೆ ಬಂದಾಗ ನಮ್ಮ ಯಜಮಾನರ ಮುಖ ಇಳಿದಿತ್ತು. ಹುಮ್ಮಸ್ಸು ನಕಾಶೆಯ ಹೊತ್ತಿಗೇ ಅರ್ಧ ಇಳಿದಿತ್ತಂತೆ. ಪಾಳು ಎಂದ ಮಾತು ದುಡಿದವನಿಗೆ ಚುಚ್ಚಿತ್ತು. ಅತ್ತೆಯ ಪಾಲಿನ ಮಾತೂ ಒಳಗೆ ಕೊರೆಯುತ್ತಿತ್ತು. ಆದರೆ ಈಗ ಮಾಡುವುದೇನು?

"ತಿಂದೀನಲ್ಲ," ಎಂದರು. ಕಂಬಕ್ಕೆ ಒರಗಿ ಕೂತಿದ್ದರು. "ನಾಲ್ಕ ಮಂದ್ಯಾಗ ತಿಂದೀನಿ. ನಮ್ಮ ಅಪ್ಪಾ ಒಂದ ಸಲಾನೂ ಶಬ್ದ ತಿರುಗಿಸಿದಾವಲ್ಲ. ನಾಳಿ ಮುಂಜಾನೆ ಇಲ್ಲೇ ಚಾಕ್ಕ ಬರತಾರ, ಹೊಲಾ ನೋಡಿ ಕಾಗದಾ ಮಾಡಾಕ."

ಅವ್ವನ ಹೊಲದಲ್ಲಿ ಆಡು ಕೂಡ ಮುಟ್ಟದ ಗಿಡ ಏಳುತ್ತದೆ, ನನ್ನ ಜೀವಮಾನದಲ್ಲಿ ಅಲ್ಲಿ ಜೋಳದ ತೆನೆ ಕಾಣಲಾರೆ ಎಂದು ಅನ್ನಿಸಿತು. ಕೊಟ್ಟ ಶಬ್ದ ಮುರಿಯಿರಿ ಎಂದು ಹೇಳುವುದೂ ನನಗಾಗುತ್ತಿರಲಿಲ್ಲ. ಆ ಮನುಷ್ಯನಲ್ಲಿ ನಾನು ಮೆಚ್ಚಿದ್ದೇ ಅದನ್ನು. ಸುಮ್ಮನೆ ಸೆರಗಿನ ಗಂಟು ಬಿಚ್ಚಿ ಪೇಢೆಯನ್ನು ಅವರ ಮುಂದಿಟ್ಟೆ.

"ಇದೇನು?"

"ನಂದು. ಇವತ್ತು ಚೌದಸಿ ಅಲ್ರಿ."

ಅವರು ಪೇಢೆ ನೋಡಿದರು. ನನ್ನನ್ನು ನೋಡಿದರು. ಒಳಗಿನಿಂದ ಅತ್ತೆ ಮೊದಲು ನಕ್ಕರು.

"ಹೊಲಾ ಯಾರದೋ?" ಎಂದು ಅಲ್ಲಿಂದಲೇ ಕೇಳಿದರು.

"ಅಕೀದು," ಎಂದರು ಇವರು ನಿಧಾನಕ್ಕೆ.

"ಅಕಿ ತಿಂದಾಳೇನ?"

"ಇಲ್ಲ."

"ಮತ್ತ ಹೊಲಾ ತಿಂದಿಲ್ಲ. ನೀ ತಿಂದಿದ್ದು ನಿನ್ನ ಹೊಟ್ಟೀಗೆ. ಏಳು, ಎಮ್ಮಿ ಒದರಾಕತ್ತೈತಿ."

ಇವರು ಎದ್ದು ಹೋಗುವಾಗ, "ವಕೀಲರ ಮನ್ಯಾಗ ಹುಟ್ಟಬೇಕಿತ್ತ ನೀವಿಬ್ರೂ," ಎಂದು ಗೊಣಗಿದರು. ಆದರೆ ಹೆಜ್ಜೆ ಹಗುರಾಗಿತ್ತು. ಆ ಸಂಜೆ ಎಣಿಸಿಕೊಳ್ಳಲು ನನಗೆ ಅದೊಂದೇ ಸಾಕಾಯಿತು.

ಮರುದಿನ ಪಾರಣೆ ಮುಗಿಸಿ ಹೊಲಕ್ಕೆ ಹೋಗಿ ಒಂದಿಷ್ಟು ಹಾಲುತೆನೆ ಮುರಿದು ತಂದೆ. ಒಲೆಯ ಕೆಂಡದಲ್ಲಿ ಸುಟ್ಟು, ಉಜ್ಜಿ, ಸೀತನಿ ಮಾಡಿದೆ. ಹಸಿರು ಮುತ್ತಿನಂಥ ಬಿಸಿ ಕಾಳು. ಮನೆಗೆ ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವುದು ನಮ್ಮಲ್ಲಿಲ್ಲ. ಪೇಢೆಯ ಡಬ್ಬಿಯಲ್ಲಿ ಆ ಸೀತನಿ ತುಂಬಿದೆ. ತಾಟಿನಲ್ಲಿ ಅದರ ಪಕ್ಕಕ್ಕೆ ಬಾಳೆ ಎಲೆಯ ತುಂಡಿನ ಮೇಲೆ ಡಬ್ಬಿಯಲ್ಲಿದ್ದ ಪೇಢೆಗಳನ್ನೆಲ್ಲ ಇಟ್ಟೆ. ಒಂದೂ ಕಡಿಮೆಯಾಗಿರಲಿಲ್ಲ, ಸೆರಗಿನಲ್ಲಿದ್ದದ್ದೂ ಸೇರಿ.

ಶೇಠಜಿ ಪಡಸಾಲೆಯಲ್ಲಿ ಬಂದು ಕೂತರು. ಬೆನ್ನ ಹಿಂದೆ ಊರ ಹಿರಿಯರು, ಹೊಲ ಕೊಡುವ ಉಳಿದ ಮನೆಯವರು. ಎಲ್ಲರ ಮುಖದಲ್ಲೂ ನಿನ್ನೆಯ ಪೇಢೆ ಇನ್ನೂ ಗಂಟಲಲ್ಲೇ ಇದ್ದ ಹಾಗಿತ್ತು. ನಾನು ಚಹಾಕ್ಕೆ ಮುಂಚೆ ಆ ತಾಟನ್ನು ತಂದು ಶೇಠಜಿಯ ಮುಂದೆ ಇಟ್ಟು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೆ.

"ಏನ್ ವೈನಿ ಇದು?" ಅಂಗಡಿ ಅಣ್ಣಾ ಗಾಬರಿಯಾದರು.

"ಪೇಢೆ ತಿರುಗಿ ಕೊಡಾಕತ್ತೀನ್ರಿ ಅಣ್ಣಾರ. ನಡುವಿನ ಹೊಲಾ ನಂದು, ನಮ್ಮ ಅವ್ವ ಕೊಟ್ಟಿದ್ದು. ನಾ ಬಾಯಿ ಸಿಹಿ ಮಾಡ್ಕೊಂಡಿಲ್ಲ. ಅದಕ್ಕ ಆ ಹೊಲಕ್ಕ ಮಾತಿಲ್ಲ. ಶೇಠಜಿಗೆ ಸಿಟ್ಟಾಗಬ್ಯಾಡ್ರಿ ಅಂತ ಹೇಳ್ರಿ. ಸೀತನಿ ಬಿಸಿ ಅದಾವ, ಆರೂದ್ರಾಗ ತಿನ್ನಲಿ."

"ವೈನಿ, ದೊಡ್ಡವ್ರ ಮುಂದ ಹಿಂಗ..."

"ನಾ ಏನೂ ಕೆಟ್ಟ ಮಾತಾಡಿಲ್ಲಲ್ರಿ. ಒಂದ ಮಾತು ಕೇಳ್ರಿ ಅವರಿಗೆ. ಗಿಡಾ ಫಲಾ ಕೊಡಲಿಲ್ಲಂದ್ರ ಲುಕ್ಸಾನ ಯಾರದು? ನಮ್ಮದೋ, ಅವರದೋ, ದಿಲ್ಲಿದೋ?"

ಅಂಗಡಿ ಅಣ್ಣಾ ಆ ಪ್ರಶ್ನೆಯನ್ನು ಹಿಂದಿಗೆ ದಾಟಿಸಲೇ ಇಲ್ಲ. ಪೇಢೆಯ ವಿಷಯವನ್ನು ಮಾತ್ರ ದಾಟಿಸಿದರು. ತಿಂದವರು ಮಾತು ಕೊಟ್ಟಂತೆ, ಈಕೆ ತಿಂದಿಲ್ಲ, ಅದಕ್ಕೆ ಮರಳಿಸುತ್ತಿದ್ದಾಳೆ ಎಂದು. ಶೇಠಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮನಸಾರೆ ನಕ್ಕರು. ಆ ನಗುವಿನಲ್ಲಿ ವಿಷವಿರಲಿಲ್ಲ, ಅದನ್ನೂ ಹೇಳಬೇಕು.

"ಅರೇ ಭಾಭೀಜಿ! ಪೇಢಾ ತೋ ಪೇಢಾ ಹೈ!" ಎಂದರು. ಪೇಢೆಯಿಂದ ಯಾರಾದರೂ ಕಟ್ಟುಬೀಳುತ್ತಾರೆಯೇ? ಅದು ಸುಮ್ಮನೆ ಬಾಯಿರುಚಿಗೆ. ಕಾಗದಕ್ಕೆ ಸಹಿ ಬೀಳುವವರೆಗೆ ನಾನೂ ಕಟ್ಟುಬಿದ್ದಿಲ್ಲ, ನೀವೂ ಬಿದ್ದಿಲ್ಲ. ಇದು ಬಿಸಿನೆಸ್ಸು. ಹೀಗೆಲ್ಲ ಹೇಳುತ್ತ ಒಂದು ಹಿಡಿ ಸೀತನಿ ಬಾಯಿಗೆ ಹಾಕಿಕೊಂಡು, "ವಾಹ್," ಎಂದು ಇನ್ನೊಂದು ಹಿಡಿ ತೆಗೆದುಕೊಂಡರು.

ಗಡಿಸೀಮೆಯ ಮಂದಿಗೆ ಹಿಂದಿ ತಿಳಿಯಲು ಯಾರೂ ಬೇಕಿಲ್ಲ. ಕೂತವರೆಲ್ಲ ಮುಂದಕ್ಕೆ ಬಾಗಿದರು. ನಿನ್ನೆ ಪೇಢೆ ನುಂಗಿ ರಾತ್ರಿಯೆಲ್ಲ ಹೊರಳಾಡಿದವರು ಅವರು. ಅಪ್ಪ-ಅಜ್ಜಂದಿರ ಶಬ್ದದ ಲೆಕ್ಕದಲ್ಲಿ ಹೊಲ ಹೋಯಿತೆಂದೇ ಎದೆ ಗಟ್ಟಿಮಾಡಿಕೊಂಡು ಬಂದವರು. ಈಗ ಎದುರಿಗಿದ್ದ ಮನುಷ್ಯ ತಾನು ಕಟ್ಟುಬಿದ್ದೇ ಇಲ್ಲವೆಂದು ನಗುತ್ತಿದ್ದ. ಹಿರಿಯರೊಬ್ಬರು, ನಮ್ಮ ಹೊಲದ ಬಡಗಣಕ್ಕೆ ಹೊಲ ಇದ್ದವರು, ರುಮಾಲು ಸರಿಮಾಡಿಕೊಂಡು ಎದ್ದರು.

"ಹಂಗಾರ ನಮ್ಮ ಮಾತೂ ಆಗಿಲ್ಲಂತ ಆತಲ್ರಿ?"

"ಹಾಂ, ಹಾಂ, ಬಿಲಕುಲ," ಎಂದರು ಶೇಠಜಿ, ತಾವು ಏನನ್ನು ಬಿಚ್ಚಿಬಿಟ್ಟೆವೆಂದು ತಿಳಿಯದೆ.

"ಚಲೋ ಆತ್ರಿ," ಎಂದು ಹಿರಿಯರು ಕೈ ಮುಗಿದು ಮೆಟ್ಟಿಲಿಳಿದರು. ಅವರ ಹಿಂದೆ ಇನ್ನೊಬ್ಬರು. ಇನ್ನೂ ಇಬ್ಬರು. ಚಹಾ ಸೋಸಿ ತರುವಷ್ಟರಲ್ಲಿ ಅರ್ಧ ಪಡಸಾಲೆ ಖಾಲಿ. ಅಂಗಡಿ ಅಣ್ಣಾನ ಮುಖ ನೋಡುವ ಹಾಗಿರಲಿಲ್ಲ. ಶೇಠಜಿ ಮಾತ್ರ ಸೀತನಿ ಮುಗಿಸಿ, ಇದನ್ನು ಪ್ಯಾಕೆಟ್ಟು ಮಾಡಿ ಮುಂಬೈಯಲ್ಲಿ ಮಾರಬಹುದೆಂದು ಹೇಳುತ್ತಿದ್ದರು.

ಹೋಗುವಾಗ ಅವರು ಗಾಡಿ ದಾರಿಯ ಗುಂಟ ನನ್ನ ಹೊಲ ದಾಟಿಯೇ ಹೋಗಬೇಕಾಯಿತು. ಕಾರು ಅಲ್ಲಿ ಒಂದು ಗಳಿಗೆ ನಿಂತದ್ದು ನಮ್ಮ ಅಂಗಳಕ್ಕೆ ಕಂಡಿತು. ಯಾಕೆ ನಿಂತಿತೋ. ಜೋಳ ನೋಡಿದರೋ, ನಕಾಶೆ ನೋಡಿದರೋ, ಹೇಳಲಾರೆ.

ಎಲ್ಲರೂ ಬಿಡಲಿಲ್ಲ. ನನ್ನ ಹೊಲದ ದಕ್ಷಿಣ ಮಗ್ಗುಲಿನ ಕೆಲವರು ಕಾಗದ ಮಾಡಿಕೊಟ್ಟರು. ಅವರಿಗೆ ನೀರಿಲ್ಲ, ದುಡಿಯುವ ಆಳಿಲ್ಲ, ಅವರ ಕಷ್ಟ ಅವರಿಗೆ. ಗಿಡಗಳು ಬಂದವು. ಚೆನ್ನಾಗಿಯೇ ಬೆಳೆದವು, ಎಲೆಯಲ್ಲಿ. ಕಾಯಿ ಮಾತ್ರ ಹೇಳಿದ ಹಾಗೆ ಹಿಡಿಯಲಿಲ್ಲ. ನೀರಿಲ್ಲದೆ ಬೆಳೆಯುತ್ತದೆ ಎಂದದ್ದು ನಿಜ, ನೀರಿಲ್ಲದೆ ಫಲಿಸುತ್ತದೆ ಎಂದದ್ದು ನಿಜವಲ್ಲ. ಹಿಡಿದಷ್ಟು ಬೀಜವನ್ನು ಒಯ್ಯುವ ಗಾಡಿಯೂ ಒಂದೆರಡು ಸುಗ್ಗಿಯಾದ ಮೇಲೆ ಬರಲಿಲ್ಲ. ಫೋನು ಮಾಡಿದರೆ ಯಾರೋ ಹುಡುಗಿ ಇಂಗ್ಲಿಷಿನಲ್ಲಿ ಕಾಯಿರಿ ಎನ್ನುತ್ತಿದ್ದಳಂತೆ. ಒಂದು ಬೇಸಿಗೆಯಲ್ಲಿ ಅವರು ಜೆಸಿಬಿ ತಂದು ಗಿಡ ಕಿತ್ತರು. ಅಂದು ನೆರೆಮನೆಯ ಅಕ್ಕ ಓಡುತ್ತ ಬಂದು, "ಬಾಬೇ, ನೋಡೂಣು, ದೇಶದ ಎಣ್ಣಿ ಕೀಳಾಕತ್ತಾರ!" ಎಂದು ಕರೆದಳು. ನಾನು ಹೋಗಲಿಲ್ಲ. ಇನ್ನೊಬ್ಬರ ಹೊಲ ಕೀಳುವುದನ್ನು ನಿಂತು ನೋಡುವುದು ಸರಿಯಲ್ಲ ಅನ್ನಿಸಿತು. ಆ ಹಿಂಗಾರಿಗೆ ಅವರಲ್ಲೇ ಒಂದು ಮನೆಯ ಸೊಸೆ ಬಿತ್ತನೆಗೆ ಜೋಳ ಕೇಳಿಕೊಂಡು ಬಂದಳು. ನಮ್ಮ ಕಾಳಿನ ಹಗೇವಿನಿಂದ ಸೇರುಗಟ್ಟಲೆ ಅಳೆದು ಕೊಟ್ಟು, ಮೇಲೊಂದು ಬೊಗಸೆ ಹಾಕಿದೆ. ಅವತ್ತು ಎಣಿಸಿಕೊಂಡದ್ದು ಇದನ್ನು: ಕೊಡಲು ನನ್ನ ಹತ್ತಿರ ಬೀಜ ಇತ್ತು.

ಶೇಠಜಿಯನ್ನು ಆಮೇಲೆ ಟೀವಿಯಲ್ಲಿ ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಅದೇ ಮೆತ್ತಗೆ. ಈ ಸಲ ಬಿಸಿಲಿನ ಬಗ್ಗೆ ಹೇಳುತ್ತಿದ್ದರು. ದೇಶದ ಮುಂದಿನ ದಾರಿ ಬಿಸಿಲೇ, ಪಾಳು ಭೂಮಿ ಎಷ್ಟೊಂದು ಬಿದ್ದಿದೆ ಎಂದರು. ಜಟ್ರೋಫಾದ ಹೆಸರನ್ನೇ ಎತ್ತಲಿಲ್ಲ. ಕೇಳುವವರೂ ಕೇಳಲಿಲ್ಲ. ಅತ್ತೆ ಕನ್ನಡಕ ಏರಿಸಿ ನೋಡಿ, "ಅಂವನ ಹೌದಲ್ಲೇನ?" ಎಂದರು. "ಪಾಪ, ಆವಾಗ ಎಷ್ಟ ಸೀತನಿ ತಿಂದಿದ್ದ."

ಬಿಸಿಲಿನ ಕರೆಂಟು ನನಗೆ ಬೇಡವಾದದ್ದಲ್ಲ. ನಮ್ಮ ಮಾಳಿಗೆಯ ಮೇಲೆ ನೀರು ಕಾಯಿಸುವ ಸೌರ ಹಂಡೆ ಕೂರಿಸಿದ್ದೇವೆ. ಸೌದೆ ಉಳಿಯಿತು, ಸೌದೆಯೊಳಗಿನ ಹುಳುಹುಪ್ಪಟೆ ಉಳಿಯಿತು, ಜೀವಹಿಂಸೆ ಅಷ್ಟು ತಪ್ಪಿತು. ಬೇಲಿಯಲ್ಲಿ ಕಾಡು ಔಡಲವೂ ಇದೆ, ಅದರ ಜಾಗದಲ್ಲಿ ಅದು ಒಳ್ಳೆಯ ಗಿಡ. ನನ್ನ ತಕರಾರು ಗಿಡದ ಮೇಲೂ ಅಲ್ಲ, ಬಿಸಿಲಿನ ಮೇಲೂ ಅಲ್ಲ. ಲಾಭ ಆಗುವವನೇ ದೇಶಕ್ಕೆ ದಾರಿ ಹೇಳುತ್ತಾನೆ, ದಾರಿ ತಪ್ಪಿದರೆ ನಡೆದವರು ಮಾತ್ರ ಸಿಕ್ಕಿಬೀಳುತ್ತಾರೆ. ಅದರ ಮೇಲೆ.

ಎರಡು ಸಾವಿರದ ಹತ್ತು ಕಳೆದು ಕೆಲವು ವರ್ಷಗಳಾದ ಮೇಲೆ ಬಿಸಿಲಿನ ಕಂಪನಿಯ ಒಬ್ಬ ತರುಣ ಇಂಜಿನಿಯರು ನಮ್ಮ ಊರಿಗೂ ಬಂದ. ಬಿಜಾಪುರದ ಕಡೆಯವನಂತೆ, ಮಾತು ನಮ್ಮ ಹಾಗೇ. ಮೂಡಣ ಮಗ್ಗುಲಿನ ಹೊಲಗಳು ಬೇಕಾಗಿದ್ದವು. ಈ ಸಲ ಊರವರು ಮಂಟಪ ಹಾಕಿಸಲಿಲ್ಲ, ಹಾರ ತರಿಸಲಿಲ್ಲ. "ಮೊದಲ ಮನಿಮನಿಗೆ ಹೋಗಿ ಹೆಣ್ಣಮಕ್ಕಳ ಮುಂದೂ ಹೇಳ್ರಿ," ಎಂದು ಹಿರಿಯರು ಅವನನ್ನು ಕಳಿಸಿದ್ದರು. ಅದನ್ನು ಹೇಳಿದವರು ರುಮಾಲಿನ ಅದೇ ಬಡಗಣದ ಹಿರಿಯರು. ಕೇಳಿದಾಗ ನನ್ನ ಎದೆ ಎಷ್ಟು ಉಬ್ಬಿತೋ ನನಗೇ ಗೊತ್ತು. ಅಹಂಕಾರ ಕಷಾಯ, ಆತ್ಮಕ್ಕೆ ಹತ್ತುವ ಕೊಳೆ ಎನ್ನುತ್ತಾರೆ ನಮ್ಮ ಮುನಿಗಳು, ಅಂಟಿದರೆ ಬಿಡಿಸುವುದು ಕಷ್ಟವಂತೆ. ಆದರೆ ಊರಿನ ಬಗ್ಗೆ ಪಟ್ಟ ಹೆಮ್ಮೆಯನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ನಮ್ಮ ಯಜಮಾನರು ಅಂಗಳದಲ್ಲಿ ಬಾರುಕೋಲಿಗೆ ಹೊಸ ಬಾರು ಕಟ್ಟುತ್ತಿದ್ದರು. ಹುಡುಗ ಬ್ಯಾಗು ಇಳಿಸಿ ಅವರ ಮುಂದೆ ಕೂತು ಕಾಗದ ಬಿಚ್ಚತೊಡಗಿದ.

"ನನ್ನ ಮುಂದ ಬಿಚ್ಚಬ್ಯಾಡ ತಮ್ಮಾ," ಎಂದರು ಇವರು ತಲೆ ಎತ್ತದೆ. "ಹೊಲಾ ಅಕೀದೈತಿ. ಅಕೀನ್ನ ಕೇಳು."

ಇಷ್ಟು ವರ್ಷದ ಸಂಸಾರದಲ್ಲಿ ಪರರ ಮುಂದೆ ಅವರು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಕೈ ಒರೆಸಿಕೊಂಡು ಹೊರಗೆ ಬಂದು ಹುಡುಗನಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟೆ. ಅವನು ಕುಡಿದ ಮೇಲೆ ಕೇಳಿದೆ.

"ನಿಮ್ಮ ಧಣಿ ತಮ್ಮ ಸ್ವಂತ ಭೂಮ್ಯಾಗ ಇದನ್ನ ಹಾಕ್ಯಾರೇನಪಾ?"

ಹುಡುಗ ತಂಬಿಗೆ ಕೆಳಗಿಟ್ಟ. "ಗೊತ್ತಿಲ್ರಿ ಅಕ್ಕಾರ. ಸುಳ್ಳ ಹೇಳಂಗಿಲ್ಲ, ನಾ ಕೇಳೇ ಇಲ್ಲ."

"ಕೆಟ್ಟ ಹೋದ್ರ ತಗದು ಹೊಲಾ ಹಸನ ಮಾಡಿ ಕೊಡಾವ್ರ ಯಾರು?"

"ಅದೂ ಕೇಳತೀನ್ರಿ."

"ಕೇಳಿಕೊಂಡು ಬಾ. ಜ್ವಾಳಾ ಕಟಾವಿಗೆ ಬಂದಾವ, ಇನ್ನೊಂದೆಂಟು ದಿನಾ ನಾ ಹೊಲದಾಗ ಇರತೀನಿ. ಅಲ್ಲೇ ಬಾ."

ಅವನು ಕಾಗದ ಮಡಿಚಿ ಬ್ಯಾಗಿಗೆ ಹಾಕಿಕೊಂಡ. ಹೊಸ್ತಿಲು ದಾಟುವಾಗ ಹಿಂತಿರುಗಿ, ಹೊಲಕ್ಕೆ ಬರುವ ದಾರಿ ಯಾವ ಕಡೆಗೆ ಎಂದು ಕೇಳಿದ. ನಾನು ಬಾಗಿಲಿಗೆ ಬಂದು, ಮೂಡಣಕ್ಕೆ ಕೈ ಮಾಡಿ ತೋರಿಸಿದೆ.